ಬಾಗಿಲು ತೆರೆಯುವವನ ಹೊಣೆ

ಸೆರೆಮನೆಯ ಬಾಗಿಲನ್ನು ಮುಚ್ಚುವವನು ಕಾರಣವನ್ನು ಹುಡುಕಬೇಕಾದುದಿಲ್ಲ; ನ್ಯಾಯಾಧಿಪತಿಗಳು ಅದನ್ನು ತಮ್ಮ ತೀರ್ಪಿನಲ್ಲಿ ಬರೆದಿಟ್ಟಿರುವರು. ಸಾಕ್ಷಿಗಳು ಬಂದು ನುಡಿದಿರುವರು, ವಕೀಲರು ವಾದಿಸಿರುವರು, ಕೃತ್ಯವು ನಡೆದು ಹೋಗಿರುವುದು. ಆದರೆ ಅದೇ ಬಾಗಿಲನ್ನು ಹದಿನೈದು ಇಪ್ಪತ್ತು ವರ್ಷಗಳ ಮೇಲೆ ತೆರೆಯಬೇಕಾಗಿ ಬಂದಾಗ, ತೆರೆಯತಕ್ಕವನ ಮುಂದೆ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ. ಅವನು ತಿಳಿಯಬೇಕಾದುದು ನಡೆದುದನ್ನಲ್ಲ, ಇನ್ನೂ ನಡೆಯದಿರುವುದನ್ನು. ಈ ಮನುಷ್ಯನು ಹೊರಗೆ ಹೋದರೆ ಮತ್ತೊಬ್ಬರಿಗೆ ಕೇಡು ಮಾಡುವನೋ, ಮಾಡನೋ? ನಾಳೆಗೆ ಸಾಕ್ಷಿಯಿಲ್ಲ, ಆದರೂ ನಾಳೆಯ ವಿಷಯವಾಗಿ ಇಂದೇ ತೀರ್ಮಾನವಾಗಬೇಕು.

ದೀರ್ಘಾವಧಿಯ ಬಂದಿಗಳನ್ನು ಬಿಡುಗಡೆಯ ಕಡೆಗೆ ಸಾಗಿಸುವಾಗ ಅಪಾಯವನ್ನು ತೂಗುವುದು ಹೇಗೆ, ತೂಗಿದವನ ಅಂದಾಜು ತಪ್ಪಿದರೆ ಆ ತಪ್ಪು ಯಾರದು ಎಂಬುದೇ ಈ ಲೇಖನದ ವಿಚಾರ. ಇದು ಅಧಿಕಾರಿಗಳ ಪ್ರಶ್ನೆ, ಗೃಹಸ್ಥರಾದ ನಮಗೇಕೆಂದು ವಾಚಕರು ಕೇಳಬಹುದು. ಅದು ನಮ್ಮ ಮನೆಯ ಹೊಸ್ತಿಲಿಗೂ ಬರತಕ್ಕ ಪ್ರಶ್ನೆಯೆಂಬುದನ್ನು ಕಡೆಯಲ್ಲಿ ಅರಿಕೆ ಮಾಡುವೆನು.

೧

ಮೊದಲು ಕಾಯಿದೆಯ ಮಾತು. ಜೀವಾವಧಿ ಶಿಕ್ಷೆಯೆಂದರೆ ಹದಿನಾಲ್ಕು ವರ್ಷವೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. ಜೀವಾವಧಿಯೆಂದರೆ ಬಂದಿಯ ಉಳಿದ ಆಯುಷ್ಯವೆಲ್ಲವೂ ಎಂದು ಸುಪ್ರೀಂ ಕೋರ್ಟು ೧೯೬೧ರಲ್ಲಿಯೇ ಗೋಪಾಲ ವಿನಾಯಕ ಗೋಡ್ಸೆಯ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಹದಿನಾಲ್ಕು ವರ್ಷದ ಕಟ್ಟಳೆ ೧೯೭೮ರಲ್ಲಿ ಬಂದುದು. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ಹೊಂದಿದವನನ್ನು ಕನಿಷ್ಠ ೧೪ ವರ್ಷವಾದರೂ ಸೆರೆಯಲ್ಲಿಡದೆ ಬಿಡಕೂಡದೆಂದು ದಂಡ ಪ್ರಕ್ರಿಯಾ ಸಂಹಿತೆಗೆ ೪೩೩-ಎ ಎಂಬ ಪ್ರಕರಣವನ್ನು ಆಗ ಸೇರಿಸಿದರು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೭೫ನೆಯ ಪ್ರಕರಣದಲ್ಲಿಯೂ ಅದೇ ನಿಯಮವುಂಟು. ಹೀಗಾಗಿ ಹದಿನಾಲ್ಕನೆಯ ವರ್ಷವು ಬಾಗಿಲು ತೆರೆಯುವ ದಿನವಲ್ಲ. ಬಂದಿಯು ಒಳಗಿನಿಂದ ಬಾಗಿಲನ್ನು ತಟ್ಟುವುದಕ್ಕೆ ಅಪ್ಪಣೆಯಾಗುವ ದಿನ.

ತಟ್ಟಿದಾಗ ಏನೇನನ್ನು ನೋಡಬೇಕೆಂಬುದನ್ನು ಅದೇ ನ್ಯಾಯಾಲಯವು ೨೦೦೦ದಲ್ಲಿ ಲಕ್ಷ್ಮಣ ನಸ್ಕರನ ಮೊಕದ್ದಮೆಯಲ್ಲಿ ಹೇಳಿತು. ಕೃತ್ಯವು ಸಮಾಜಕ್ಕೆಲ್ಲ ತಟ್ಟುವಂಥದೋ, ವ್ಯಕ್ತಿಗತವಾದುದೋ. ಅದು ಮರುಕಳಿಸುವ ಸಂಭವವುಂಟೆ. ಅಪರಾಧ ಮಾಡುವ ಶಕ್ತಿಯೇ ಅವನಲ್ಲಿ ಉಡುಗಿದೆಯೆ. ಇನ್ನೂ ಕೂಡಿಹಾಕುವುದರಿಂದ ಪ್ರಯೋಜನವುಂಟೆ. ಅವನ ಸಂಸಾರದ ಸ್ಥಿತಿ ಹೇಗಿದೆ. ಈ ಐದರಲ್ಲಿ ಮೊದಲನೆಯದು ನಿನ್ನೆಯ ಪ್ರಶ್ನೆ. ಉಳಿದವುಗಳಲ್ಲಿ ಬಹುಭಾಗ ನಾಳೆಯವು.

ಇನ್ನೊಂದು ತೀರ್ಪನ್ನೂ ನೆನೆಯಬೇಕು. ಅದು ನಮ್ಮ ರಾಜ್ಯದಿಂದಲೇ ಹೋದ ಮೊಕದ್ದಮೆ. ೨೦೦೮ರಲ್ಲಿ ಸ್ವಾಮಿ ಶ್ರದ್ಧಾನಂದನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯನ್ನು ತೆಗೆದು, ಅದರ ಬದಲು ಬಂದಿಯನ್ನು ಆಯುಷ್ಯವಿರುವವರೆಗೂ ಬಿಡಕೂಡದೆಂದು ವಿಧಿಸಿತು. ಹೀಗೆ ವಿಧಿಸುವ ಅಧಿಕಾರವುಂಟೆಂಬುದನ್ನು ೨೦೧೫ರಲ್ಲಿ ಸಂವಿಧಾನ ಪೀಠವೂ ಒಪ್ಪಿತು. ಕೃತ್ಯದ ಘೋರತೆಗೆ ತಕ್ಕ ದಂಡನೆಯೆಂದು ಹಾಗೆ ಮಾಡುವುದಾದರೆ ಅದಕ್ಕೊಂದು ನ್ಯಾಯವುಂಟು. ಆದರೆ ಅಪಾಯದ ಹೆಸರಿನಲ್ಲಿ ಹಾಗೆ ಮಾಡುವೆವೆನ್ನುವುದಾದರೆ, ಮೂವತ್ತು ವರ್ಷಗಳ ಮೇಲೆ ಇರತಕ್ಕ ಮುದುಕನನ್ನು ಇಂದಿನ ಕಟಕಟೆಯಲ್ಲಿ ನಿಂತಿರುವ ನಡುವಯಸ್ಸಿನವನ ಮೇಲಿಂದ ತೂಗಿದಂತಾಗುವುದು. ದಂಡನೆಯ ತೂಕ ಬೇರೆ, ಅಪಾಯದ ತೂಕ ಬೇರೆ. ಈ ಎರಡನ್ನು ಒಂದೇ ತಟ್ಟೆಯಲ್ಲಿಟ್ಟು ತೂಗುವುದರಿಂದಲೇ ಈ ವಿಷಯದಲ್ಲಿ ಅರ್ಧ ಗೊಂದಲ ಹುಟ್ಟುತ್ತದೆ.

ಇಂಗ್ಲೆಂಡಿನಲ್ಲಿ ಇವೆರಡನ್ನು ಬೇರೆ ಮಾಡಿದ್ದಾರೆ. ಜೀವಾವಧಿ ಶಿಕ್ಷೆಯನ್ನು ವಿಧಿಸುವಾಗ ನ್ಯಾಯಾಧಿಪತಿಯು ಸಾಮಾನ್ಯವಾಗಿ ಒಂದು ಕನಿಷ್ಠ ಅವಧಿಯನ್ನು ಗೊತ್ತುಮಾಡುವನು. ಅದು ದಂಡನೆಯ ಪಾಲು. ಆ ಮೇಲೆ ಪೆರೋಲ್ ಮಂಡಲಿಯು ಕೇಳತಕ್ಕ ಪ್ರಶ್ನೆ ಒಂದೇ: ಜನರ ರಕ್ಷಣೆಗಾಗಿ ಇವನನ್ನು ಇನ್ನೂ ಒಳಗಿಡುವುದು ಅವಶ್ಯವೆ? ಆ ಮಂಡಲಿಯು ೧೯೬೭ರ ಕಾಯಿದೆಯಿಂದ ಹುಟ್ಟಿದುದು. ಅಲ್ಲಿ ದೀರ್ಘಾವಧಿಯ ಬಂದಿಗಳಲ್ಲಿ ಅನೇಕರನ್ನು ಒಮ್ಮೆಗೇ ಹೊರಗೆ ಬಿಡದೆ, ಮೊದಲು ಬಯಲು ಬಂದೀಖಾನೆಗೆ ಕಳುಹಿಸಿ, ಬಳಿಕ ಒಂದೊಂದು ದಿನದ ರಜೆ ಕೊಟ್ಟು, ನಡತೆಯನ್ನು ನೋಡಿಕೊಂಡು ಮುಂದುವರಿಯುವರು. ಈ ಏರ್ಪಾಡಿನ ಬಲವೂ ಅದು ತಪ್ಪಿದಲ್ಲಿ ಆಗುವ ನಷ್ಟವೂ ಒಂದೇ ದಿನ, ಒಂದೇ ಮನೆಯಲ್ಲಿ ಕಾಣಿಸಿಕೊಂಡ ಒಂದು ಪ್ರಸಂಗವುಂಟು.

೨

೨೦೧೯ನೆಯ ನವೆಂಬರ್ ೨೯ರಂದು ಲಂಡನ್ ಸೇತುವೆಯ ಮಗ್ಗುಲಲ್ಲಿರುವ ಫಿಶ್‌ಮಂಗರ್ಸ್ ಹಾಲ್ ಎಂಬ ಹಳೆಯ ಭವನದಲ್ಲಿ ಒಂದು ಸಭೆ ನಡೆಯಿತು. ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು ಸೆರೆಮನೆಗಳಲ್ಲಿ ಬಂದಿಗಳನ್ನೂ ವಿದ್ಯಾರ್ಥಿಗಳನ್ನೂ ಒಟ್ಟಿಗೆ ಕೂರಿಸಿ ಪಾಠ ಹೇಳುವ ಏರ್ಪಾಡೊಂದನ್ನು ಐದು ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ಸಭೆಯು ಆ ಸಂತೋಷಕ್ಕಾಗಿ. ಬಂದವರಲ್ಲಿ ಉಸ್ಮಾನ್ ಖಾನ್ ಎಂಬವನೊಬ್ಬನು. ಭಯೋತ್ಪಾದನೆಯ ಸಂಚಿಗಾಗಿ ೨೦೧೨ರಲ್ಲಿ ಅವನಿಗೆ ಶಿಕ್ಷೆಯಾಗಿತ್ತು. ಮೊದಲು ವಿಧಿಸಿದುದು ಕೊನೆ ಗೊತ್ತಿಲ್ಲದ ಶಿಕ್ಷೆ. ಪೆರೋಲ್ ಮಂಡಲಿಯು ಒಪ್ಪಿದ ಹೊರತು ಬಿಡುಗಡೆಯಿಲ್ಲ. ಆದರೆ ೨೦೧೩ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ೧೬ ವರ್ಷದ ಸೆರೆವಾಸವಾಗಿ ಮಾರ್ಪಡಿಸಿತು. ಆಗಿನ ಕಾಯಿದೆಯಂತೆ ಅದರಲ್ಲಿ ಅರ್ಧ ಮುಗಿದೊಡನೆ, ಯಾವ ಮಂಡಲಿಯೂ ತೂಗಿ ನೋಡದೆಯೇ, ೨೦೧೮ರ ಡಿಸೆಂಬರಿನಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು.

ಸೆರೆಮನೆಯಲ್ಲಿ ಅವನು ಪಾಠಗಳಿಗೆ ಹೋಗಿದ್ದನು, ಮನಃಪರಿವರ್ತನೆಯ ತರಗತಿಗಳಲ್ಲಿ ಕುಳಿತಿದ್ದನು. ಹೊರಗೆ ಬಂದ ಮೇಲೆ ಅನೇಕರಿಗೆ ಅವನೊಂದು ಒಳ್ಳೆಯ ನಿದರ್ಶನವಾಗಿ ತೋರಿದನು. ಆದರೆ ಅವನು ಹಳೆಯ ದಾರಿಗೇ ಹಿಂತಿರುಗುವನೆಂಬ ಗುಪ್ತ ವರ್ತಮಾನವು ಬಿಡುಗಡೆಗೆ ಮುಂಚೆಯೇ ಕೆಲವರಿಗೆ ಬಂದಿತ್ತು. ಸಭೆಯನ್ನು ನಡೆಸುವವರಿಗೆ ಅದು ತಿಳಿಯಲಿಲ್ಲ. ಸ್ಟ್ಯಾಫರ್ಡ್ ಎಂಬ ಊರಿನಲ್ಲಿ ಅವನು ಕೆಲಸವಿಲ್ಲದೆ ಒಂಟಿಯಾಗಿ ವಾಸಿಸುತ್ತಿದ್ದನು. ಆ ಮಧ್ಯಾಹ್ನ ಅವನು ಚಾಕುಗಳನ್ನು ಕೈಗೆ ಕಟ್ಟಿಕೊಂಡು ಇಪ್ಪತ್ತೈದು ವಯಸ್ಸಿನ ಯುವಕನೊಬ್ಬನನ್ನೂ ಇಪ್ಪತ್ತಮೂರು ವಯಸ್ಸಿನ ಯುವತಿಯೊಬ್ಬಳನ್ನೂ ಕೊಂದನು. ಇಬ್ಬರೂ ಬಂದಿಗಳಿಗೆ ನೆರವಾಗಬೇಕೆಂದು ಆ ಕೆಲಸಕ್ಕೆ ಬಂದವರು.

ಅದೇ ಸಭೆಯಲ್ಲಿ ಸ್ಟೀವನ್ ಗ್ಯಾಲಂಟ್ ಎಂಬ ಇನ್ನೊಬ್ಬನಿದ್ದನು. ೨೦೦೫ರಲ್ಲಿ ಕೊಲೆಗಾಗಿ ಜೀವಾವಧಿ ಶಿಕ್ಷೆ ಹೊಂದಿದವನು, ಇನ್ನೂ ಬಂದಿ. ಆ ದಿನ ಅವನಿಗೆ ರಜೆ ಕೊಟ್ಟು ಕಳುಹಿಸಿದ್ದರು. ಕೂಗನ್ನು ಕೇಳಿ ಓಡಿಹೋಗುವುದನ್ನು ಬಿಟ್ಟು, ಅವನು ಕೆಳಗೆ ಇಳಿದು ಬಂದು, ಕೈಗೆ ಸಿಕ್ಕಿದ ವಸ್ತುವನ್ನೇ ಆಯುಧ ಮಾಡಿಕೊಂಡು ಕೊಲೆಗಾರನನ್ನು ಎದುರಿಸಿದನು. ಖಾನನು ಬಾಂಬಿನಂತೆ ತೋರುವ ಪಟ್ಟಿಯೊಂದನ್ನು ಧರಿಸಿದ್ದನು. ಅದು ಹುಸಿಯೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಗ್ಯಾಲಂಟನೂ ಇನ್ನಿಬ್ಬರೂ ಸೇತುವೆಯವರೆಗೆ ಅವನನ್ನು ಅಟ್ಟಿಕೊಂಡು ಹೋಗಿ ಕೆಡವಿದರು. ಬಳಿಕ ಪೊಲೀಸರು ಗುಂಡು ಹಾರಿಸಿದರು. ೨೦೨೦ರಲ್ಲಿ ರಾಣಿಯ ಕ್ಷಮಾಧಿಕಾರದಿಂದ ಗ್ಯಾಲಂಟನ ಕನಿಷ್ಠ ಅವಧಿಯಲ್ಲಿ ಹತ್ತು ತಿಂಗಳನ್ನು ಕಡಿಮೆ ಮಾಡಿದರು. ಆದರೂ ಅವನನ್ನು ನೇರವಾಗಿ ಬಿಡಲಿಲ್ಲ. ಮಂಡಲಿಯು ಯಥಾಪ್ರಕಾರ ತೂಗಿ ನೋಡಿ, ೨೦೨೧ರಲ್ಲಿ ಬಿಡುಗಡೆ ಮಾಡಿತು.

ಈ ಪ್ರಸಂಗವನ್ನು ಕೇಳಿದವರು ತಮ್ಮ ತಮ್ಮ ಮನಸ್ಸಿಗೆ ಒಪ್ಪುವ ಅರ್ಧವನ್ನು ತೆಗೆದುಕೊಂಡು ಹೋಗುವರು. ಕಠಿಣಹೃದಯರು ಖಾನನನ್ನು ತೋರಿಸಿ ಯಾರನ್ನೂ ಬಿಡಬಾರದೆನ್ನುವರು. ಕರುಣಾಳುಗಳು ಗ್ಯಾಲಂಟನನ್ನು ತೋರಿಸಿ ಎಲ್ಲರೂ ತಿದ್ದಿಕೊಳ್ಳುವರೆನ್ನುವರು. ಪ್ರಸಂಗವು ಇವೆರಡನ್ನೂ ಹೇಳುವುದಿಲ್ಲ. ನನಗೆ ಅದು ಹೇಳುವುದಾಗಿ ತೋರುವುದು ಇಷ್ಟು: ಒಬ್ಬನನ್ನು ತೂಗದೆ ಪೂರ್ತಿಯಾಗಿ ಬಿಟ್ಟರು, ಇನ್ನೊಬ್ಬನನ್ನು ಬಹು ವರ್ಷ ತೂಗಿ ಒಂದು ದಿನಕ್ಕೆ ಬಿಟ್ಟರು. ತೂಗುವವರು ಇದ್ದುದರಿಂದ ಅನರ್ಥವಾಯಿತೆನ್ನುವುದಕ್ಕಿಂತ, ತೂಗಬೇಕಾದ ಕಡೆ ತೂಗದೆ ಇದ್ದುದರಿಂದಲೂ, ಒಬ್ಬರಿಗೆ ತಿಳಿದುದನ್ನು ಇನ್ನೊಬ್ಬರಿಗೆ ತಿಳಿಸದೆ ಇದ್ದುದರಿಂದಲೂ ಆಯಿತೆನ್ನುವುದು ನ್ಯಾಯ. ೨೦೨೧ರ ಮರಣವಿಚಾರಣೆಯ ಪಂಚರೂ ಮಾಹಿತಿಯ ಹಂಚಿಕೆಯಲ್ಲಿದ್ದ ಲೋಪವನ್ನು ಎತ್ತಿ ಹೇಳಿದರು. ಭಯೋತ್ಪಾದನೆಯ ಬಂದಿಗಳಿಗೆ ಅರ್ಧಾವಧಿಯಲ್ಲಿ ತಾನಾಗಿ ದೊರೆಯುತ್ತಿದ್ದ ಬಿಡುಗಡೆಯನ್ನು ೨೦೨೦ರ ಕಾಯಿದೆಯಿಂದ ನಿಲ್ಲಿಸಿದರು. ಮೃತನಾದ ಯುವಕನ ತಂದೆಯಾದರೋ, ತನ್ನ ಮಗನ ಸಾವನ್ನು ನೆಪ ಮಾಡಿಕೊಂಡು ಬಂದಿಗಳ ಮೇಲೆ ಇನ್ನಷ್ಟು ಕ್ರೌರ್ಯ ನಡೆಸುವುದು ಮಗನಿಗೆ ಒಪ್ಪದೆಂದು ಬಹಿರಂಗವಾಗಿ ಹೇಳಿದನು. ಅಂಥ ದುಃಖದಲ್ಲಿ ಅಂಥ ಮಾತನ್ನಾಡುವುದು ಎಲ್ಲರಿಂದಲೂ ಆಗದು. ಎಲ್ಲರಿಂದಲೂ ಅದನ್ನು ನಿರೀಕ್ಷಿಸುವುದೂ ಸಲ್ಲದು.

೩

ಇನ್ನು ತೂಕದ ವಿಚಾರ. ಮನುಷ್ಯನ ನಾಳೆಯನ್ನು ಲೆಕ್ಕದಿಂದ ತಿಳಿಯಬಹುದೆ? ಹಾಗೆ ಮಾಡಲು ಹೊರಟವರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಅರ್ನೆಸ್ಟ್ ಬರ್ಜೆಸ್ ಪ್ರಮುಖನು. ಇಲಿನಾಯ್ ಸಂಸ್ಥಾನದಲ್ಲಿ ಪೆರೋಲಿನ ಮೇಲೆ ಬಿಟ್ಟಿದ್ದ ೩೦೦೦ ಜನರ ದಾಖಲೆಗಳನ್ನು ಓದಿ, ೨೧ ಅಂಶಗಳನ್ನು ಆರಿಸಿ, ಒಬ್ಬೊಬ್ಬನಿಗೂ ಅಂಕಗಳನ್ನು ಹಾಕಿ, ಅವನು ೧೯೨೮ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ಹೆಚ್ಚಿನ ಅಂಕ ಪಡೆದ ಗುಂಪಿನಲ್ಲಿ ಮಾತು ತಪ್ಪಿದವರು ನೂರಕ್ಕೆ ಇಬ್ಬರೂ ಇಲ್ಲ. ತೀರ ಕಡಿಮೆ ಪಡೆದ ಗುಂಪಿನಲ್ಲಿ ಸುಮಾರು ಮುಕ್ಕಾಲು ಪಾಲು ಜನ. ಈ ಲೆಕ್ಕವನ್ನು ಹಗುರಾಗಿ ಕಾಣಬಾರದು. ನಾನು ಮುಖ ನೋಡಿಯೇ ಮನುಷ್ಯನನ್ನು ಅರಿಯಬಲ್ಲೆನೆನ್ನುವ ಅಧಿಕಾರಿಯ ಹೆಮ್ಮೆಗಿಂತ ಇದು ಎಷ್ಟೋ ವಾಸಿ.

ಆದರೆ ಕಡೆಯ ಗುಂಪನ್ನು ಮತ್ತೊಮ್ಮೆ ನೋಡಿರಿ. ಮುಕ್ಕಾಲು ಪಾಲು ತಪ್ಪಿದರೆಂದರೆ ಕಾಲು ಪಾಲು ತಪ್ಪಲಿಲ್ಲ. ಆ ಕಾಲು ಪಾಲಿನವರು ಯಾರೆಂಬುದನ್ನು ಅಂಕಗಳು ಹೇಳವು. ಲೆಕ್ಕವು ಗುಂಪನ್ನು ಬಲ್ಲುದು. ಮಂಡಲಿಯ ಮುಂದೆ ಬಂದು ಕುಳಿತುಕೊಳ್ಳುವವನೋ ಒಬ್ಬ ಮನುಷ್ಯ.

ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ತೂಗುವವನು ಎರಡು ಬಗೆಯಲ್ಲಿ ತಪ್ಪಬಹುದು. ಕೇಡು ಮಾಡುವವನನ್ನು ಬಿಟ್ಟರೆ ಒಂದು ತಪ್ಪು. ಮಾಡದವನನ್ನು ಇಟ್ಟುಕೊಂಡರೆ ಇನ್ನೊಂದು. ಮೊದಲನೆಯದು ಮರುದಿನವೇ ಪತ್ರಿಕೆಗಳಲ್ಲಿ ಬರುವುದು. ಎರಡನೆಯದು ಎಂದಿಗೂ ಬಾರದು; ಏಕೆಂದರೆ ಒಳಗಿರುವವನು ಹೊರಗಿದ್ದಿದ್ದರೆ ನಿರಪರಾಧಿಯಾಗಿರುತ್ತಿದ್ದನೆಂದು ತೋರಿಸುವ ಬಗೆಯಿಲ್ಲ. ಆದುದರಿಂದ ಅಧಿಕಾರಿಯು ಒಂದು ತಪ್ಪಿಗೆ ಮಾತ್ರ ಅಂಜಲು ಕಲಿಯುವನು, ಇನ್ನೊಂದನ್ನು ದಿನವೂ ಮಾಡುವನು, ಅದಕ್ಕೆ ಎಚ್ಚರಿಕೆಯೆಂದು ಹೆಸರಿಡುವನು.

ಈ ಕಾಣದ ತಪ್ಪು ಒಮ್ಮೆ ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. ನ್ಯೂಯಾರ್ಕ್ ಸಂಸ್ಥಾನದಲ್ಲಿ ಅಪಾಯಕಾರಿಗಳೆಂದು ಎಣಿಸಿದ ಮಾನಸಿಕ ರೋಗಿಗಳನ್ನು ಶಿಕ್ಷೆಯ ಅವಧಿ ಮುಗಿದ ಮೇಲೆಯೂ ಸೆರೆಮನೆಯಂಥ ಆಸ್ಪತ್ರೆಗಳಲ್ಲಿ ಇಟ್ಟುಕೊಂಡಿದ್ದರು. ೧೯೬೬ರಲ್ಲಿ ಬ್ಯಾಕ್ಸ್‌ಟ್ರಮ್ ಎಂಬವನ ಮೊಕದ್ದಮೆಯಲ್ಲಿ ಅಮೇರಿಕದ ಸುಪ್ರೀಂ ಕೋರ್ಟು ಇದು ಅಕ್ರಮವೆಂದಿತು. ಅದರಿಂದಾಗಿ ೯೬೭ ಜನರನ್ನು ಒಟ್ಟಿಗೆ ಸಾಮಾನ್ಯ ಆಸ್ಪತ್ರೆಗಳಿಗೆ ವರ್ಗಮಾಡಬೇಕಾಯಿತು. ಎಲ್ಲರೂ ಅನಾಹುತವನ್ನೇ ನಿರೀಕ್ಷಿಸಿದ್ದರು. ಸ್ಟೆಡ್‌ಮನ್ ಮತ್ತು ಕೊಕೋಜ಼ಾ ಎಂಬ ಸಂಶೋಧಕರು ನಾಲ್ಕು ವರ್ಷಗಳ ವೃತ್ತಾಂತವನ್ನು ಹಿಂಬಾಲಿಸಿ ೧೯೭೪ರಲ್ಲಿ ಬರೆದಂತೆ, ಅವರಲ್ಲಿ ಬಹುಮಂದಿ ಯಾರ ಮೇಲೂ ಕೈಮಾಡಲಿಲ್ಲ. ಮತ್ತೆ ಆ ಬಿಗಿಯ ಆಸ್ಪತ್ರೆಗಳಿಗೆ ಕಳುಹಿಸಬೇಕಾದವರು ಕೆಲವರೇ. ನ್ಯಾಯಾಲಯವು ಬಲವಂತವಾಗಿ ಬಾಗಿಲು ತೆರೆಸದೆ ಇದ್ದಿದ್ದರೆ, ಅವರೆಲ್ಲರೂ ಅಪಾಯಕಾರಿಗಳೆಂಬ ಹೆಸರಿನಲ್ಲಿಯೇ ಮಡಿಯುತ್ತಿದ್ದರು. ವೈದ್ಯರೂ ತಮ್ಮ ತೂಕ ಸರಿಯೆಂದೇ ನಂಬಿಕೊಂಡಿರುತ್ತಿದ್ದರು.

ಇದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು. ಬಂದಿಯು ತನ್ನ ಕೃತ್ಯದಿಂದ ತಾನೇ ಸೆರೆಯನ್ನು ತಂದುಕೊಂಡವನು. ಹೊರಗಿನವರು ಏನು ಮಾಡಿದ್ದಾರೆ? ಅವರ ಪ್ರಾಣವನ್ನು ಪಣವಾಗಿಡಲು ಮಂಡಲಿಗೆ ಯಾರು ಅಧಿಕಾರ ಕೊಟ್ಟರು? ಈ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದನ್ನು ಮರೆಯಬಾರದು. ಬಹುಮಂದಿ ಬಂದಿಗಳು ಎಂದಾದರೊಂದು ದಿನ ಹೊರಗೆ ಬಂದೇ ಬರುವರು. ಕೆರೆಯಲ್ಲಿ ನೀರು ತುಂಬಿರುವಾಗ ತೂಬನ್ನು ಸ್ವಲ್ಪ ಸ್ವಲ್ಪವಾಗಿ ಎತ್ತುವವನು ನೀರಿಗೆ ದಯೆ ತೋರಿಸುವುದಿಲ್ಲ, ಏರಿಯನ್ನು ಕಾಯುತ್ತಾನೆ. ಒಂದು ದಿನದ ರಜೆ, ಬಯಲಿನ ಕೆಲಸ, ಹೊರಗಿನ ಕೂಲಿ, ಇವು ಬಂದಿಗೆ ಮಾಡುವ ಉಪಕಾರ ಮಾತ್ರವಲ್ಲ. ನಮ್ಮ ಅಜ್ಞಾನವನ್ನು ಕಡಿಮೆ ಮಾಡಿಕೊಳ್ಳುವ ಉಪಾಯ. ಗೋಡೆಯೊಳಗಿನ ಸನ್ನಡತೆಯು ದುರ್ಬಲವಾದ ಸಾಕ್ಷಿ. ತಪ್ಪಲು ಎಡೆಯಿಲ್ಲದ ಕಡೆ ತಪ್ಪದಿರುವುದು ಗುಣವೋ ಅಲ್ಲವೋ ಯಾರು ಬಲ್ಲರು? ಸ್ವಲ್ಪ ಸ್ವಾತಂತ್ರ್ಯ ಕೊಟ್ಟಾಗಲೇ ಅದರ ಉಪಯೋಗ ಹೇಗೆಂದು ತಿಳಿಯುವುದು.

ಈ ಬಗೆಯ ಪ್ರಯೋಗ ನಮ್ಮ ದೇಶಕ್ಕೆ ಹೊಸದಲ್ಲ. ಔಂಧ್ ಸಂಸ್ಥಾನದಲ್ಲಿ ೧೯೩೯ರಲ್ಲಿ ಆಟಪಾಡಿಯ ಬಳಿ ಬಂದಿಗಳಿಗಾಗಿ ಸ್ವತಂತ್ರಪುರವೆಂಬ ಬಯಲು ವಸತಿಯನ್ನು ಏರ್ಪಡಿಸಿದ್ದರು. ರಾಜಸ್ಥಾನದ ಸಾಂಗಾನೇರದಲ್ಲಿ ೧೯೬೩ರಲ್ಲಿ ಆರಂಭವಾದ ಸಂಪೂರ್ಣಾನಂದ ಶಿಬಿರದಲ್ಲಿ ಬಂದಿಗಳು ಹೆಂಡಿರು ಮಕ್ಕಳೊಡನೆ ವಾಸಿಸಿ, ಹಗಲು ಹೊರಗೆ ಹೋಗಿ ದುಡಿದು, ಸಂಜೆಯ ಹಾಜರಿಗೆ ಹಿಂತಿರುಗುವರು. ನಮ್ಮಲ್ಲಿಯೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯುಂಟು.

೪

ಈಗ ಹೊಸ್ತಿಲಿನ ಮಾತಿಗೆ ಬರುತ್ತೇನೆ. ನನ್ನ ಬಾಲ್ಯದಲ್ಲಿ ನಮ್ಮ ಊರಿನವನೊಬ್ಬನು ಕೊಲೆಗಾಗಿ ಶಿಕ್ಷೆ ಅನುಭವಿಸಿ ಹಿಂತಿರುಗಿದನು. ಗದ್ದೆಯ ಬದುವಿನ ಜಗಳದಲ್ಲಿ ನೆರೆಯ ಹಳ್ಳಿಯವನನ್ನು ಕೊಂದಿದ್ದನು. ಹೋಗುವಾಗ ಯುವಕ, ಬರುವಾಗ ತಲೆ ನರೆತಿತ್ತು. ನಮ್ಮ ತಂದೆಯವರ ಬಳಿ ಬಂದು ತೋಟದಲ್ಲಿ ಕೆಲಸ ಕೇಳಿದನು. ಅವರು ಒಳಗೆ ಬಂದು ಹೇಳಿದಾಗ ನಮ್ಮ ತಾಯಿ, “ಹೆಣ್ಣುಮಕ್ಕಳಿರುವ ಮನೆ. ಯಾರನ್ನು ಕೇಳಿ ಒಪ್ಪಿಕೊಂಡಿರಿ?” ಎಂದರು. “ಇನ್ನೂ ಒಪ್ಪಿಲ್ಲ. ನಿನ್ನನ್ನು ಕೇಳೋಣವೆಂದೇ ಬಂದೆ” ಎಂದರು ತಂದೆ.

ತಾಯಿ ಆ ದಿನ ಉತ್ತರ ಕೊಡಲಿಲ್ಲ. ಮರುದಿನ ಮೂರು ಮಾತು ಹೇಳಿದರು. ಮೊದಲು ಹೊರಗಿನ ಕೆಲಸ ಮಾತ್ರ. ಪಂಪಿನ ಮನೆಯ ಬೀಗದ ಕೈ ಒಂದು ಫಸಲು ಕಳೆದ ಮೇಲೆ. ಎರಡನೆಯದು, ತೋಟದ ಗುಡಿಸಿಲಿನಲ್ಲಿ ಅವನು ಒಂಟಿಯಾಗಿರಬಾರದು. ವಿಧವೆಯಾದ ಅವನ ಅಕ್ಕನನ್ನು ಕರೆಸಬೇಕು. ಮೂರನೆಯದು, ಸತ್ತವನ ಮನೆಯವರಿಗೆ ನಾವೇ ಹೋಗಿ ತಿಳಿಸಬೇಕು; ಸಂತೆಯಲ್ಲಿ ಇತರರ ಬಾಯಿಂದ ಅವರು ಕೇಳಬಾರದು. ತಂದೆಯವರು ಹೋದರು. ಸತ್ತವನ ತಾಯಿ ಇನ್ನೂ ಬದುಕಿದ್ದರು. ಬಹಳ ಹೊತ್ತು ಸುಮ್ಮನಿದ್ದು, “ನಾವು ಸಂತೆಗೆ ಹೋಗುವ ದಾರಿಯಲ್ಲಿ ಅವನು ನನ್ನ ಕಣ್ಣಿಗೆ ಬೀಳದಿರಲಿ” ಎಂದಷ್ಟೇ ಹೇಳಿದರಂತೆ. ಆ ಮುದುಕಿ ಬದುಕಿರುವವರೆಗೂ ಅವನು ಕಾಲುವೆಯ ಮೇಲಿನ ಸುತ್ತುದಾರಿಯಿಂದಲೇ ಸಂತೆಗೆ ಹೋಗುತ್ತಿದ್ದನು.

ಅವನಿಂದ ನಮಗಾಗಲಿ ಯಾರಿಗಾಗಲಿ ಕೇಡಾಗಲಿಲ್ಲ. ಅದರಿಂದ ನಮ್ಮವರ ತೀರ್ಮಾನ ಸರಿಯೆಂದು ಸಿದ್ಧವಾಯಿತೆ? ಬಹುದಿನ ನಾನು ಹಾಗೆಯೇ ನಂಬಿದ್ದೆನು, ಈಗ ನಂಬುವುದಿಲ್ಲ. ವಿಚಾರಿಸದೆ ಬೀಗದ ಕೈ ಕೊಟ್ಟವನಿಗೂ ಅದೃಷ್ಟವಶದಿಂದ ಒಳ್ಳೆಯದಾಗಬಹುದು. ಎಲ್ಲವನ್ನೂ ವಿಚಾರಿಸಿ ಕೊಟ್ಟವನಿಗೂ ಕೇಡಾಗಬಹುದು. ಫಲವನ್ನು ನೋಡಿಯೇ ತೀರ್ಮಾನವನ್ನು ಹೊಗಳುವುದೂ ಹಳಿಯುವುದೂ ಬುದ್ಧಿಯ ಲಕ್ಷಣವಲ್ಲ. ಕೇಡಾದಾಗ ನಾವು ಕೇಳತಕ್ಕದ್ದು ಬಿಟ್ಟವರಾರು ಎಂಬುದನ್ನಲ್ಲ. ತಿಳಿಯಬಹುದಾದುದನ್ನೆಲ್ಲ ತಿಳಿದುಕೊಂಡರೆ? ತಿಳಿದುದನ್ನು ಒಬ್ಬರಿಗೊಬ್ಬರು ಹೇಳಿಕೊಂಡರೆ? ನೊಂದವರಿಗೆ ಮುಂಚಿತವಾಗಿ ತಿಳಿಸಿದರೆ? ಹೊರಗೆ ಬಂದವನಿಗೆ ಕೆಲಸವೂ ಜೊತೆಯೂ ಇದ್ದುವೆ? ಈ ನಾಲ್ಕಕ್ಕೂ ಹೌದೆನ್ನಬಲ್ಲ ಅಧಿಕಾರಿಯ ಅಂದಾಜು ತಪ್ಪಿದರೂ ಅವನನ್ನು ನಾವು ಕಲ್ಲೆಸೆಯಬಾರದು. ಎಸೆದರೆ ಮುಂದಿನವನು ಯಾರನ್ನೂ ಬಿಡಲಾರನು.

ನಮ್ಮ ತಾಯಿಗೆ ಬರ್ಜೆಸನ ಅಂಕಗಳು ಗೊತ್ತಿರಲಿಲ್ಲ. ಆದರೆ ಲೆಕ್ಕದವರು ಅನೇಕ ವೇಳೆ ಮರೆಯತಕ್ಕ ಒಂದು ಸಂಗತಿ ಅವರಿಗೆ ಗೊತ್ತಿತ್ತು. ಅಪಾಯವೆಂಬುದು ಬಂದಿಯ ಎದೆಯೊಳಗೆ ಪೂರ್ತಿಯಾಗಿ ಇರುವ ವಸ್ತುವಲ್ಲ. ಅದರಲ್ಲಿ ಒಂದು ಪಾಲು ಬಾಗಿಲಿನ ಈಚೆಗೆ, ನಮ್ಮ ಕಡೆಗೆ ಇರುವುದು. ಬಾಡಿಗೆಗೆ ಮನೆಯಿಲ್ಲ, ಕೂಲಿಗೆ ಕರೆಯುವವರಿಲ್ಲ, ಮಾತನಾಡಿಸುವವರಿಲ್ಲ ಎಂದು ನಾವು ಮಾಡಿಟ್ಟರೆ, ಒಳಗೆ ಎಷ್ಟು ಸರಿಯಾಗಿ ತೂಗಿ ಕಳುಹಿಸಿದ್ದರೂ ಹೊರಗೆ ಆ ತೂಕ ಕೆಡುವುದು. ಆಮೇಲೆ ಮಂಡಲಿಯು ತಪ್ಪಿತೆಂದು ದೂರುವೆವು. ತೂಗಲ್ಪಡುವವರಲ್ಲಿ ನಾವೂ ಇದ್ದೇವೆಂಬುದು ನೆನಪಿಗೆ ಬಾರದು.

ಎಷ್ಟೋ ವರ್ಷಗಳ ಮೇಲೆ, ಹಬ್ಬದ ಗಡಿಬಿಡಿಯಲ್ಲಿ, ನಮ್ಮ ತಾಯಿಯೇ ಉಗ್ರಾಣದ ಬೀಗದ ಕೈಯನ್ನು ಅವನ ಕೈಗೆ ಕೊಟ್ಟು ಅಕ್ಕಿಯನ್ನು ಅಳೆದು ತರಲು ಹೇಳಿದುದನ್ನು ನಾನು ಕಂಡಿದ್ದೇನೆ. ಆ ದಿನದಿಂದ ಅದು ವಾಡಿಕೆಯಾಯಿತು. ಆದರೆ ಪ್ರತಿದಿನ ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಅವರು ಆ ಬೀಗದ ಕೈಯನ್ನು ಕೇಳಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಅವನೂ ಕೇಳುವುದಕ್ಕೆ ಮುಂಚೆಯೇ ತಂದು ಜಗಲಿಯ ಮೇಲೆ ಇಡುತ್ತಿದ್ದನು.